ಪ್ರತಿ ಬಾಗಿಲಲ್ಲೂ ಒಂದು ಮಾತ್ರೆ

ಮುನಿನಾರಾಯಣಮ್ಮ ಕುಡಿಯುವವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮತ್ತಿಕೆರೆಯ ನಮ್ಮ ಬೀದಿಯಲ್ಲಿ ಹಾಗೆ ಆಡಿಕೊಂಡವರಿದ್ದಾರೆ.

ಆಕೆ ರಾಜಾನುಕುಂಟೆಯವಳು. ಗಂಡನ ತುಂಡು ಹೊಲದಲ್ಲಿ ತಾನೇ ಬೆಳೆದ ಸೊಪ್ಪನ್ನು ಮೊದಲ ಬಸ್ಸಿಗೆ ಹಾಕಿಕೊಂಡು ಬಂದು, ಬುಟ್ಟಿ ಹೊತ್ತು ಮನೆಮನೆಗೂ ಮಾರುತ್ತಿದ್ದಳು. ಕೊಳೆತ ಎಲೆಯನ್ನು ಒಳಗೆ ಮುಚ್ಚಿ ಕಟ್ಟು ಕಟ್ಟಿದ್ದನ್ನು ನಾನು ಕಂಡಿಲ್ಲ. ಬಾಯಿ ಮಾತ್ರ ಜೋರು. ದಂಟು ಬಲಿತಿದೆ ಎಂದರೆ, "ನಿಮ್ಮಂಗೆ ಎಳೇದು ಎಲ್ಲಿಂದ ತರ್ಲಿ ದೊಡ್ಡಮ್ಮ" ಎನ್ನುವಳು, ಎಪ್ಪತ್ತು ದಾಟಿದ ನನಗೆ. ಹೊಸ್ತಿಲಲ್ಲಿ ನಿಂತು ಯಾರು ಏನು ಕೊಟ್ಟರೂ ಬೇಡ ಅನ್ನುತ್ತಿರಲಿಲ್ಲ. ಹಳೆ ಸೀರೆ, ಮಿಕ್ಕ ಚಿತ್ರಾನ್ನ, ಎಲ್ಲಕ್ಕೂ ಸೆರಗೊಡ್ಡುವಳು. ಕೊಡುವ ಕೈಯನ್ನು ತಳ್ಳಿದರೆ ಲಕ್ಷ್ಮಿ ಮುನಿಯುತ್ತಾಳೆಂದು ಅತ್ತೆ ಕಲಿಸಿದ್ದರಂತೆ.

ಎರಡು ಸಾವಿರದ ಹದಿನೈದರ ಧನುರ್ಮಾಸ. ಆಕೆಗೆ ನೆಗಡಿ, ಕೆಮ್ಮು, ಮೈಕೈ ನೋವು. ನನ್ನ ಮೊರಕ್ಕೆ ಅವರೆಕಾಯಿ ಸುರಿದು ಹೇಳಿದಳು, "ಸೊಗಡೈತೋ ಇಲ್ವೋ ನೀವೇ ಮೂಸ್ಕಳಿ. ನನ್ ಮೂಗು ರಜಾ ಆಕೈತೆ." ಬಿಸಿನೀರು ಕೊಟ್ಟು, ಮನೆಗೆ ಹೋಗಿ ಮಲಗು ಎಂದೆ. ಬುಟ್ಟಿ ಖಾಲಿಯಾಗದೆ ಹೋಗುವವಳೇ?

ಅವತ್ತು ಬೀದಿಗೆಲ್ಲ ದಯೆ ಉಕ್ಕಿತು. ಎದುರು ಮನೆಯ ಗೋದಾ ಬಿ.ಎಸ್ಸಿ. ಓದಿದವಳು. ಗಂಡ ಬದರೀನಾಥರು ಬ್ಯಾಂಕಿನಲ್ಲಿದ್ದು ರಿಟೈರಾದವರು. ಆಕೆ ಡಬ್ಬಿಯಲ್ಲಿ ಉಳಿದಿದ್ದ ನೆಗಡಿ ಮಾತ್ರೆ ಬಿಡಿಸಿ ಮುನಿನಾರಾಯಣಮ್ಮನ ಅಂಗೈಗೆ ಹಾಕಿ, ನೀರಿನ ಲೋಟ ಹಿಡಿದು ನುಂಗುವ ತನಕ ನಿಂತಳು. ಪಕ್ಕದ ರತ್ನಕ್ಕನ ಮನೆಯಲ್ಲಿ ಹಳದಿಯದೊಂದು. ಮೂಲೆಯ ರೂಮಿನ ಕಾಲೇಜು ಹುಡುಗಿ ಶಿಲ್ಪ ಇನ್ನೊಂದು. ಆಕೆಯ ಊರಿನ ಮೆಡಿಕಲ್ ಸ್ಟೋರಿನವನು ಹಿಂದಿನ ಸಂಜೆ ಕೊಟ್ಟದ್ದು ಬೆಳಿಗ್ಗೆಯೇ ಹೊಟ್ಟೆ ಸೇರಿತ್ತು. ಹಳೆ ಸೀರೆ ಕೊಟ್ಟ ಹಾಗೆ ಹಳೆ ಮಾತ್ರೆ ದಾನ ಮಾಡಿ ಪುಣ್ಯ ಕಟ್ಟಿಕೊಳ್ಳುತ್ತಾರಲ್ಲ, ಇವರಿಗೆ ಏನನ್ನಬೇಕು? ಬೇರೆ ಏನಾದರೂ ನುಂಗಿದ್ದೀಯಾ, ಬಿ.ಪಿ. ಇದೆಯಾ ಎಂದು ಒಬ್ಬರಾದರೂ ಕೇಳಬೇಡವೇ? ಆಕೆಗೆ ಬಿ.ಪಿ. ಇತ್ತು.

ಬಿಸಿಲೇರುವ ಹೊತ್ತಿಗೆ ಬದರೀನಾಥರ ಗೇಟಿನ ಬಳಿ ಕುಸಿದು ಕೂತಿದ್ದಳು. ಕಣ್ಣು ಮುಚ್ಚಿಮುಚ್ಚಿ ಹೋಗುತ್ತಿದೆ, ಮಾತು ತೊದಲುತ್ತಿದೆ, ತಲೆ ಸಿಡಿಯುತ್ತೆ ಎಂದು ಹಣೆ ಒತ್ತಿಕೊಳ್ಳುತ್ತಿದ್ದಾಳೆ. ಬದರೀನಾಥರು ಗೇಟಿನೊಳಗಿಂದಲೇ ಬೀದಿಗೆಲ್ಲ ಕೇಳುವಂತೆ ಅಂದರು, "ಬೆಳಿಗ್ಗೆ ಬೆಳಿಗ್ಗೆನೇ ಹಾಕ್ಕೊಂಡ್ ಬಂದಿದ್ದಾಳೆ ಕಣ್ರೀ. ಇಂಥೋರನ್ನ ಬೀದಿಗೇ ಸೇರಿಸ್ಬಾರ್ದು."

ನನ್ನ ಮೈ ಉರಿಯಿತು. ಬಗ್ಗಿ ಆಕೆಯ ಬಾಯಿ ಮೂಸಿದೆ, ಹೆಂಡದ ವಾಸನೆ ಇರಲಿಲ್ಲ. ಏನು ತಿಂದೆ ಎಂದರೆ, "ಎಲ್ರೂ ಮಾತ್ರೆ ಕೊಟ್ರು" ಎಂದಷ್ಟೇ ಹೇಳಿದಳು.

ಶಿಲ್ಪ ಆಟೋ ಹಿಡಿದಳು. ನರ್ಸಿಂಗ್ ಹೋಮಿನ ಡಾಕ್ಟರಮ್ಮ ಬಿ.ಪಿ. ನೋಡಿ ಮುಖ ಗಂಟಿಕ್ಕಿದರು. "ಯಾವ್ಯಾವ ಮಾತ್ರೆ ಅಂತ ಗೊತ್ತಾಗ್ಬೇಕು ಅಜ್ಜಿ. ಶೀಟ್ ಇದ್ರೆ ಬೇಗ ತನ್ನಿ." ಶಿಲ್ಪಳದು ಚೀಲದಲ್ಲೇ ಇತ್ತು. ಅವಳನ್ನು ಅಲ್ಲೇ ಕೂರಿಸಿ ನಾನು ಅದೇ ಆಟೋದಲ್ಲಿ ಬೀದಿಗೆ ಬಂದೆ. ರತ್ನಕ್ಕ ಪಾಪ, ಕಸದ ಬುಟ್ಟಿಗೆ ಕೈ ಹಾಕಿ ಹುಡುಕಿ ಕೊಟ್ಟಳು. ಗೋದಾ ಮಾತ್ರ, "ನಾನೇನೂ ಕೊಟ್ಟಿಲ್ವಲ್ಲ" ಎಂದಳು.

"ಲೋಟ ಹಿಡ್ಕೊಂಡು ನಿಂತಿದ್ದನ್ನ ನಾನೇ ನೋಡಿದೀನಿ ಕಣಮ್ಮ."

ಬದರೀನಾಥರು ಅಡ್ಡ ಬಂದರು. "ನಾಳೆ ಪೊಲೀಸು ಗಿಲೀಸು ಅಂತ ಆದ್ರೆ? ನಮ್ಮ ಹೆಸ್ರು ಎತ್ಬೇಡಿ ನೀವು."

"ನಿಮ್ಮ ಹೆಸ್ರು ಯಾರಿಗೆ ಬೇಕು ಸ್ವಾಮಿ? ಮಾತ್ರೆ ಹೆಸ್ರು ಕೊಡಿ."

ಗೇಟು ಹಿಡಿದು ನಿಂತೆ. ಕೊನೆಗೆ ಗೋದಾ ಗಂಡನ ಮುಖ ನೋಡದೆ ಒಳಗೆ ಹೋಗಿ ಡಬ್ಬಿಯನ್ನೇ ತಂದುಕೊಟ್ಟಳು.

ಡಾಕ್ಟರಮ್ಮ ಶೀಟುಗಳನ್ನು ಸಾಲಾಗಿ ಇಟ್ಟರು. "ಹೆಸ್ರು ಬೇರೆ ಬೇರೆ, ಒಳಗಿರೋದು ಹೆಚ್ಚುಕಮ್ಮಿ ಅದೇ ಅಜ್ಜಿ. ಜ್ವರದ್ದು, ಮಂಪರು ಬರಿಸೋದು, ಮೂಗು ಬಿಡಿಸೋದು, ಎಲ್ಲಾ ಒಂದೇ ಮಾತ್ರೇಲಿ ಸೇರಿಸಿರ್ತಾರೆ. ಮೂಗು ಬಿಡಿಸೋದು ಬಿ.ಪಿ. ಏರಿಸುತ್ತೆ. ಜ್ವರದ್ದು ಜಾಸ್ತಿಯಾದ್ರೆ ಲಿವರ್ ಹಾಳು. ಇನ್ನೂ ನಾಲ್ಕು ಮನೆ ಹತ್ತಿದ್ರೆ ಕಷ್ಟ ಇತ್ತು." ಊರಿನ ಅಂಗಡಿಯದು ಕಾಗದದ ಪೊಟ್ಟಣದಲ್ಲಿ ಬಂದದ್ದು, ಅದಕ್ಕೆ ಹೆಸರೇ ಇರಲಿಲ್ಲ. ಆಕೆಯನ್ನು ಅಲ್ಲೇ ಮಲಗಿಸಿಕೊಂಡು ರಕ್ತ ಪರೀಕ್ಷೆ ಮಾಡಿದರು. ಮಾರನೆಯ ದಿನ ಬಿ.ಪಿ. ಇಳಿದ ಮೇಲೆ ಮಗ ಆಂಜಿನಪ್ಪ ಬಂದು ಕರೆದುಕೊಂಡು ಹೋದ.

ಸಂಕ್ರಾಂತಿ ಹತ್ತಿರವಾದಾಗ ಮತ್ತೆ ಬಂದಳು. ಕೆಮ್ಮು ಇನ್ನೂ ಚೂರು ಉಳಿದಿತ್ತು. ಗೋದಾ ಗೇಟಿಗೆ ಓಡಿಬಂದಳು, ಕೈಯಲ್ಲೊಂದು ಸೀಸೆ. "ಒಳ್ಳೇದಾಗ್ಲಿ ಅಂತಾನೇ ಕೊಟ್ಟಿದ್ದು ಕಣೇ ಅವತ್ತು. ಈ ಸಿರಪ್ ಏನೂ ಮಾಡಲ್ಲ, ತಗೋ."

ಮುನಿನಾರಾಯಣಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಬ್ಯಾಡ ಕಣಮ್ಮ. ನಿಮ್ಮ ಯಜಮಾನ್ರು ಅವತ್ತು ಬೀದಿ ಮುಂದೆ ಒಂದ್ ಮಾತು ಅಂದ್ರಲ್ಲ, ಅದ್ನ ಬೀದಿ ಮುಂದೇನೇ ವಾಪಸ್ ತಗಳಾಕೆ ಯೋಳಿ. ಆಮ್ಯಾಕೆ ಸೊಪ್ಪು ಕೊಡ್ತೀನಿ."

ಒಳಗೆ ಬದರೀನಾಥರು ಟೀವಿಯ ಸದ್ದು ಹೆಚ್ಚಿಸಿದರು. ಆಕೆ ಸ್ವಲ್ಪ ಹೊತ್ತು ಕಾದು, ಬುಟ್ಟಿ ಎತ್ತಿಕೊಂಡು ರತ್ನಕ್ಕನ ಬಾಗಿಲಿಗೆ ಹೋದಳು. ಗೋದಾ ಈಗ ಮೆಂತ್ಯ ಸೊಪ್ಪಿಗೂ ಯಶವಂತಪುರದ ಮಾರ್ಕೆಟ್ಟಿಗೆ ಹೋಗುತ್ತಾಳೆ. ಹೋಗಲಿ.