ದನಿ ತೆಗೆದ ಮದುವೆ ವಿಡಿಯೋ

ಭೀಮನಬೀಡಿನ ಶಾಂತರಾಜು ಅರಿಸಿನ ಕೀಳುವ ಕೂಲಿ ಬಿಟ್ಟು ವಿಡಿಯೋ ಕೆಲಸಕ್ಕೆ ಇಳಿದಾಗ ಊರಿನವರೆಲ್ಲ ಒಂದೊಂದು ಮಾತು ಆಡಿದರು. ನಾನೂ ಆಡಿದೆ. ಪಕ್ಕದ ಮನೆಯವಳು ನಾನು, ಆಡದೆ ಇರಲು ಆಗುತ್ತದೆಯೇ? ಗುಂಡ್ಲುಪೇಟೆಯ ಸುನೀಲ್ ಕುಮಾರನ ಸ್ಟುಡಿಯೋದಲ್ಲಿ ಲೈಟು ಹಿಡಿದು ಹಿಡಿದೇ ಅವನು ಕೆಲಸ ಕಲಿತಿದ್ದ. ಆಮೇಲೆ ಸ್ವಂತಕ್ಕೆ ಸಾಮಾನು ಕೂಡಿಸತೊಡಗಿದ. ಮೊದಲು ಯಾರೋ ಬಳಸಿ ಬಿಟ್ಟ ಕ್ಯಾಮೆರಾ, ಆಮೇಲೆ ಅದಕ್ಕೊಂದು ಸ್ಟ್ಯಾಂಡು, ಲೈಟು, ಹೆಚ್ಚಿಗೆ ಬ್ಯಾಟರಿ, ಮೆಮೊರಿ ಕಾರ್ಡು. ಮೈಕು ಮಾತ್ರ ತರಲಿಲ್ಲ. ಯಾಕೆ ಎಂದರೆ ನಗುತ್ತಿದ್ದ. ನಮ್ಮ ಕಡೆಯ ಮದುವೆ ವಿಡಿಯೋದಲ್ಲಿ ಮಾತು ಯಾರಿಗೆ ಬೇಕು? ಕ್ಯಾಮೆರಾ ತಾನಾಗಿ ಹಿಡಿಯುವುದು ವಾಲಗದ ಗದ್ದಲ, ಅಡುಗೆಯವರ ಬೈಗುಳ, ಮಕ್ಕಳ ಅಳು. ಅದನ್ನೆಲ್ಲ ತೆಗೆದುಹಾಕಿ ಮೇಲೊಂದು ಸಿನಿಮಾ ಹಾಡು ಹಾಕುವುದೇ ಪದ್ಧತಿ. ಸುನೀಲ್ ಕುಮಾರ ಕಲಿಸಿದ್ದೂ ಅದನ್ನೇ.

ಶಾಂತರಾಜುವಿನ ತಂಗಿ ಕುಮಾರಿಗೆ ಚಂದಕವಾಡಿಯಿಂದ ಸಂಬಂಧ ಬಂತು. ಹುಡುಗನ ಹೆಸರು ಶಶಿಕುಮಾರ, ತಿಂಗಳ ಸಂಬಳದ ಕೆಲಸ. ಕುಡಿಯುವವನಲ್ಲ, ಹಿರಿಯರನ್ನು ಕಂಡರೆ ಕಾಲಿಗೆ ಬೀಳುತ್ತಿದ್ದ, ಮಾತಂತೂ ಬೆಣ್ಣೆ. ಅಷ್ಟು ಮೆಲುದನಿಯ ಗಂಡಸರನ್ನು ಕಂಡರೆ ನನಗೆ ಒಂದು ಅನುಮಾನ. ಆದರೆ ತಂದೆ ಇಲ್ಲದ ಮನೆಗೆ ಬಂದ ಸಂಬಂಧಕ್ಕೆ ಕಲ್ಲು ಹಾಕಿದವಳು ಎಂಬ ಹೆಸರು ಯಾರಿಗೆ ಬೇಕು?

ವಿಡಿಯೋಗೆ ಪೇಟೆಯವರನ್ನೇ ಕರೆಸೋಣ ಎಂದು ನೆಂಟರು ಹೇಳಿದರು. ಹಿತ್ತಲ ಗಿಡ ಮದ್ದಲ್ಲವಲ್ಲ. ಶಾಂತರಾಜು ಹಟ ಹಿಡಿದ, ತಂಗಿಯ ಮದುವೆಯನ್ನು ತಾನೇ ತೆಗೆಯುವೆ ಎಂದ. ಮುಹೂರ್ತದ ಬೆಳಗ್ಗೆ ಕುಮಾರಿಗೆ ಹೂ ಮುಡಿಸುತ್ತಿದ್ದವಳು ನಾನು. ಅವನು ಕ್ಯಾಮೆರಾ ಹಿಡಿದು ಬಾಗಿಲಲ್ಲಿ ನಿಂತಿದ್ದ. ಹೊರಗೆ ವಾಲಗ ಕಿವಿ ಕಿತ್ತುಹೋಗುವ ಹಾಗಿತ್ತು. ಬಿದ್ದ ಪಿನ್ನು ಹುಡುಕಲು ನಾನು ಬಗ್ಗಿದಾಗ ಅವಳು ಅಣ್ಣನ ಕಡೆ ತಿರುಗಿ ಏನೋ ಅಂದಳು. ಅವನ ಕಣ್ಣು ಕ್ಯಾಮೆರಾದ ಪರದೆಯ ಮೇಲಿತ್ತು.

"ವಸಿ ನಗು ಕಣಮ್ಮಿ," ಎಂದ.

ಅವಳು ನಕ್ಕಳು.

ವಿಡಿಯೋ ಚೆನ್ನಾಗಿಯೇ ಬಂತು. ಎಲ್ಲರೂ ಹೊಗಳಿದರು. ಎರಡೂ ಮನೆಗೆ ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟ. ಮುಂದಿನ ಮದುವೆಗೆ ಮೆಮೊರಿ ಕಾರ್ಡು ಬೇಕಾಗಿದ್ದರಿಂದ ಅದರಲ್ಲಿದ್ದದ್ದನ್ನೆಲ್ಲ ಅಳಿಸಿದ.

ಬರುಬರುತ್ತ ಕುಮಾರಿಯ ಫೋನು ಕಡಿಮೆಯಾಯಿತು. ಮಾಡಿದರೂ ಊಟ ಆಯ್ತಾ, ಮಳೆ ಬಂತಾ, ಅಷ್ಟೇ. ಏನಾದರೂ ಕೇಳಿದರೆ ಅವಳು ಉತ್ತರ ಕೊಡುವ ಮೊದಲು ಪಕ್ಕದಲ್ಲಿ ಯಾರೋ ಗಂಟಲು ಸರಿಮಾಡಿಕೊಳ್ಳುವುದು ಕೇಳುತ್ತಿತ್ತು. ಗೌರಿ ಹಬ್ಬಕ್ಕೆ ಕರೆಯಲು ಹೋದ ಶಾಂತರಾಜುವನ್ನು, ಅವಳಿಗೆ ಹುಷಾರಿಲ್ಲ ಎಂದು ಬಾಗಿಲಿಂದಲೇ ಕಳಿಸಿದರು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು, ಅವರ ಮನೆ ವಿಷಯ ಅವರಿಗೆ ಬಿಡು ಎಂದು ಊರಿನ ಹಿರಿಯರು ಬುದ್ಧಿ ಹೇಳಿದರು. ಆ ಗಾದೆ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ತಾಯಿ ಸುಂದ್ರಮ್ಮ ಮಗಳ ಮುಖ ಕಾಣಬೇಕೆನಿಸಿದಾಗಲೆಲ್ಲ ಟಿವಿಯಲ್ಲಿ ಮದುವೆ ವಿಡಿಯೋ ಹಾಕಿಸಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ನಾನೂ ಅವಳೂ ಅವರೆಕಾಯಿ ಬಿಡಿಸುತ್ತ ಅದರ ಮುಂದೆ ಕೂತಿದ್ದೆವು. ಹೂ ಮುಡಿಸುವ ಜಾಗ ಬಂದಾಗ ಸುಂದ್ರಮ್ಮನ ಕೈ ನಿಂತಿತು. ಇಲ್ಲಿ ನಿನಗೆ ಏನು ಹೇಳುತ್ತಿದ್ದಾಳೆ ಎಂದು ಅಲ್ಲೇ ಇದ್ದ ಮಗನನ್ನು ಕೇಳಿದಳು. ಶಾಂತರಾಜು ಹಾಡಿನ ದನಿಯನ್ನು ಪೂರ್ತಿ ಇಳಿಸಿದ. ಕೆಳಗೆ ಏನೂ ಇರಲಿಲ್ಲ. ತಾನೇ ತೆಗೆದಿದ್ದ. ಅದೇ ಜಾಗವನ್ನು ಮತ್ತೆ ಮತ್ತೆ ಹಾಕಿದ. ಕುಮಾರಿಯ ತುಟಿ ಆಡುತ್ತಿತ್ತು. ಮೊದಲು 'ಅಣ್ಣ' ಎಂದದ್ದು ನನಗೂ ತಿಳಿಯಿತು. ಮುಂದಿನದು ಹೆತ್ತವಳಿಗೆ ಮಾತ್ರ ತಿಳಿಯಿತು.

"ಬ್ಯಾಡ ಅಂತಾವ್ಳೆ ಕಣ್ಲಾ. ಈ ಮದ್ವೆ ಬ್ಯಾಡ ಅಂತಾವ್ಳೆ."

ಆಗಿಂದಾಗಲೇ ಹೊರಟೆವು. ಇಂಥ ಕೆಲಸಕ್ಕೆ ಹೊರಗಿನವರೊಬ್ಬರು ಇರಬೇಕೆಂದು ನನ್ನನ್ನೂ ಬಾಡಿಗೆ ಓಮ್ನಿಗೆ ಹತ್ತಿಸಿಕೊಂಡರು. ಸುಂದ್ರಮ್ಮ ಮಾದಪ್ಪನಿಗೆ ಹರಕೆ ಹೊರುತ್ತಲೇ ಇದ್ದಳು.

ಶಶಿಕುಮಾರ ನಗುತ್ತಲೇ ಬಾಗಿಲು ತೆಗೆದ. ಕುರ್ಚಿ ಹಾಕಿದ, ನೀರು ಕೊಟ್ಟ. ಕುಮಾರಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮೈ ಅರ್ಧಕ್ಕೆ ಇಳಿದಿತ್ತು. ನಮ್ಮನ್ನು ಕಂಡು ಓಡಿ ಬರಲಿಲ್ಲ, ಮೊದಲು ಗಂಡನ ಮುಖ ನೋಡಿದಳು. ಶಾಂತರಾಜುವಿಗೆ ತಡೆದುಕೊಳ್ಳಲು ಆಗಲಿಲ್ಲ. ಅವತ್ತು ಹೂ ಮುಡಿಸುವಾಗ ನನಗೆ ಏನಂದೆ ಎಂದು ಗಂಡನೆದುರಿಗೇ ಕೇಳಿಬಿಟ್ಟ. ಉತ್ತರ ಕೊಟ್ಟವನು ಶಶಿಕುಮಾರ, ಅದೇ ಮೆಲುದನಿಯಲ್ಲಿ.

"ಆ ವಿಡಿಯೋ ನಾನೂ ನೋಡ್ದೆ ಬಾವ. ಏನಂದೆ ಅಂತ ನಾನೂ ಕೇಳ್ದೆ. ಹೇಳಕ್ಕೆ ಬಾಳ ದಿನ ತಕ್ಕಂಡ್ಳು. ಕೊನೆಗೆ ಹೇಳುದ್ಲು."

ಕುಡಿಯುತ್ತಿದ್ದ ನೀರಿನ ಲೋಟವನ್ನು ನಾನು ಕೆಳಗಿಟ್ಟೆ. ಅವನನ್ನು ನೋಡಲೂ ಭಯವಾಯಿತು. ಸುಂದ್ರಮ್ಮ ಎದ್ದು ಹೋಗಿ ಮಗಳ ಕೈ ಹಿಡಿದಳು. ನೋವಿಗೆ ಕುಮಾರಿ ಕೈ ಎಳೆದುಕೊಂಡಳು. ತಾಯಿ ಇನ್ನೊಂದು ಕೈ ಹಿಡಿದು, "ನಡಿಯಮ್ಮಿ, ಓಗನ," ಎಂದಳು. ಕುಮಾರಿ ಚಪ್ಪಲಿಯನ್ನೂ ಹುಡುಕದೆ ಬಂದು ಓಮ್ನಿ ಹತ್ತಿದಳು.

ಶಶಿಕುಮಾರ ತಡೆಯಲಿಲ್ಲ. ಓಮ್ನಿಯ ಬಾಗಿಲನ್ನು ತಾನೇ ಎಳೆದು ಹಾಕಿದ. ಆಮೇಲೆ ಕಿಟಕಿಗೆ ಬಗ್ಗಿದ.

"ಕರ್ಕಂಡೋಗಿ ಬಾವ. ನಾಕು ದಿನ ಆದ್ಮೇಲೆ ನಿಮ್ಮೂರೋರೇ ತಂದು ಬುಟ್ಟೋಯ್ತಾರೆ."

ಕುಮಾರಿ ನಮ್ಮ ಮುಖಗಳನ್ನೇ ಒಂದೊಂದಾಗಿ ನೋಡುತ್ತ ಕೂತಳು. ಅವನು ಅಂದದ್ದು ಸುಳ್ಳು ಎಂದು ಅವಳಿಗೆ ಹೇಳಲು ಗುಂಡ್ಲುಪೇಟೆ ಬಂದರೂ ನಮಗೆ ಯಾರಿಗೂ ಬಾಯಿ ಬರಲಿಲ್ಲ.