ಅವಕಾಶ ಆಹೇ

ನನ್ನ ತವರೂರು ಹಳ್ಳದ ಈ ದಂಡೆಗೆ, ಗಂಡನ ಊರು ಆ ದಂಡೆಗೆ. ಬೇಸಿಗೆಯಲ್ಲಿ ಆ ಹಳ್ಳದಲ್ಲಿ ಪಾದ ತೋಯುವಷ್ಟೂ ನೀರಿರುವುದಿಲ್ಲ. ಮಳೆಗಾಲದಲ್ಲಿ ಅದು ಎತ್ತು ಕಟ್ಟಿದ ಗಾಡಿಯನ್ನೇ ಎಳೆದುಕೊಂಡು ಹೋಗುತ್ತದೆ. ಎರಡೂ ಊರಿನ ಹಿರಿಯರ ಸ್ವಭಾವವೂ ಹೆಚ್ಚುಕಡಿಮೆ ಹೀಗೆಯೇ ಎಂದು ಮದುವೆಯಾದ ವರ್ಷವೇ ನನಗೆ ಗೊತ್ತಾಗಿತ್ತು.

ಆಗ ಧಾರವಾಡ ಸೀಮೆಯೆಲ್ಲ ಮುಂಬಯಿ ರಾಜ್ಯದಲ್ಲಿತ್ತು. ನಮ್ಮ ಹಳ್ಳಕ್ಕೊಂದು ಸೇತುವೆ ಬೇಕೆಂದರೂ ಇಷ್ಟು ದೂರ ಮುಂಬಯಿಗೆ ಬಂದು ಕೇಳಬೇಕು, ಅದನ್ನೂ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಕೇಳಬೇಕು. ಎರಡೂ ಬರುವವಳು ನಾನೊಬ್ಬಳೇ ಇದ್ದೆ. ಕುರ್ಲಾದ ಮುನಸಿಪಾಲ್ಟಿ ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದೆ. ಊರಿನವರಿಗೆ ಅಕ್ಕೋರು, ನಾವಿದ್ದ ಚಾಳಿನ ಮರಾಠಿಯವರಿಗೆ ಬಾಯಿ. ಗಂಡ ಅಲ್ಲೇ ಗಿರಣಿಯಲ್ಲಿ ದುಡಿಯುತ್ತಿದ್ದರು.

ಸೇತುವೆ ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದದ್ದು ನನಗೆ. ನನ್ನ ಮಗಳಿಗೆ ಉಬ್ಬಸ. ಕುರ್ಲಾದ ಹೊಗೆಯಲ್ಲಿ ಈ ಮಗು ಉಸಿರಾಡಲಾರದು, ಊರಿಗೆ ಕಳಿಸಿ ಎಂದು ಡಾಕ್ಟರು ಹೇಳಿದ್ದರಿಂದ ಅವಳನ್ನು ಅತ್ತೆಯ ಹತ್ತಿರ ಬಿಟ್ಟಿದ್ದೆ. ಅಲ್ಲಿ ಉಸಿರು ಸರಿಹೋಯಿತು. ಆದರೆ ಶಾಲೆ ಇದ್ದದ್ದು ಹಳ್ಳದ ಈಚೆ, ನನ್ನ ಅಪ್ಪನ ಊರಿನಲ್ಲಿ. ಮಳೆ ಶುರುವಾದರೆ ದಸರೆಯ ತನಕ ಅವಳಿಗೆ ಶಾಲೆಯಿಲ್ಲ. ಅಪ್ಪನ ಮನೆಯಲ್ಲೇ ಇರಿಸೋಣವೆಂದರೆ ಅಮ್ಮ ತೀರಿಕೊಂಡಿದ್ದಳು, ಮೇಲಾಗಿ ಮೊಮ್ಮಗಳನ್ನು ಬೀಗರ ಮನೆಯ ಅನ್ನಕ್ಕೆ ಹಾಕುವುದು ಮಾವನಿಗೆ ಅವಮಾನ. ಉಸಿರು ಬೇಕೋ ಅಕ್ಷರ ಬೇಕೋ ಎಂದು ಒಂದು ಹಳ್ಳ ತಾಯಿಯನ್ನು ಕೇಳುತ್ತದೆಯೇ? ನನ್ನನ್ನು ಕೇಳುತ್ತಿತ್ತು.

ಅಪ್ಪ ಅವರ ಊರಿನ ಪಂಚಾಯ್ತಿಗೆ ಸರಪಂಚ, ಮಾವ ತಮ್ಮ ಊರಿನ ಪಂಚಾಯ್ತಿಗೆ ಸರಪಂಚ. ಅಕ್ಕಪಕ್ಕದ ಇನ್ನೆರಡು ಊರು ಸೇರಿ ನಾಲ್ಕು ಪಂಚಾಯ್ತಿ. ವರ್ಷಗಟ್ಟಲೆ ಒಬ್ಬೊಬ್ಬರೇ ಅರ್ಜಿ ಹಾಕಿ ಸುಸ್ತಾದ ಮೇಲೆ ಯಾರಿಗೋ ಬುದ್ಧಿ ಬಂತು. ನಾಲ್ಕೂ ಊರಿನವರು ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂತು ಒಂದೇ ಜಾಗ ಗೊತ್ತುಮಾಡಿದರು. ನಾಲ್ಕೂ ಊರಿನ ಗಾಡಿದಾರಿ ಕೂಡುವಲ್ಲಿ, ಬೇವಿನಮರದ ಹತ್ತಿರ. ಕೇಳಿದರೆ ಅದೊಂದೇ ಜಾಗ, ಆಡಿದರೆ ಅದೊಂದೇ ಮಾತು. ಅಪ್ಪ ಮತ್ತು ಮಾವ ಇಬ್ಬರೂ ನಾಲ್ಕೂರ ಪರವಾಗಿ ಮುಂಬಯಿಗೆ ಹೋಗುವುದೆಂದಾಯಿತು.

ದೇವರ ಮುಂದೆ ಆಣೆ ಇಡಲಿಲ್ಲ, ಬುತ್ತಿ ಕಟ್ಟಿದರು. ನಾಲ್ಕೂ ಊರಿನ ಕಟಿರೊಟ್ಟಿ, ಶೇಂಗಾದ ಹಿಂಡಿ, ಗುರೆಳ್ಳು ಹಿಂಡಿ ಎಲ್ಲ ಒಂದೇ ಅರಿವೆಯ ಗಂಟಿನಲ್ಲಿ. ಯಾವ ರೊಟ್ಟಿ ಯಾವ ಊರಿನದು ಎಂದು ಕೇಳಬಾರದು. ಕೆಲಸ ಮುಗಿಸಿ ಮರಳುವ ತನಕ ಇಬ್ಬರೂ ಆ ಗಂಟಿನಿಂದಲೇ ಉಣ್ಣಬೇಕು. ಕುರ್ಲಾಕ್ಕೆ ಬಂದಿಳಿದ ಮೇಲೆ ನಾನು ಬಿಸಿ ಅಡಿಗೆ ಮಾಡಿಟ್ಟರೂ ಮುಟ್ಟಲಿಲ್ಲ. ನನ್ನ ಮದುವೆಯ ದಿನ ಹಂದರದಲ್ಲಿ ಮುಖ ತಿರುಗಿಸಿಕೊಂಡು ಕೂತಿದ್ದ ಇಬ್ಬರು ನನ್ನ ಕೋಣೆಯಲ್ಲಿ ಒಂದೇ ಗಂಟು ಬಿಚ್ಚಿ ಎದುರುಬದುರು ಕೂತು ರೊಟ್ಟಿ ಮುರಿಯುತ್ತಿದ್ದರು. ಇದು ನಡೆದರೂ ನಡೆದೀತು ಎಂದು ಅಂದು ನಂಬಿದೆ.

ಮುಂಬಯಿಯ ಫೋರ್ಟ್ ಕಡೆ ಒಂದು ಸರ್ಕಾರಿ ಕಚೇರಿ. ಅಧಿಕಾರಿ ಮರಾಠಿಯವರು, ವಯಸ್ಸಾದವರು, ಸಮಾಧಾನಿ. ನಾನು ಮರಾಠಿಯಲ್ಲಿ ಎಲ್ಲ ಹೇಳಿದೆ. ನಕಾಶೆ ಬಿಡಿಸಿ, ಸೇತುವೆ ಎಲ್ಲಿ ಬೇಕು ತೋರಿಸಿ ಎಂದರು. ಅಪ್ಪನ ಬೆರಳೂ ಮಾವನ ಬೆರಳೂ ಒಂದೇ ಜಾಗಕ್ಕೆ ಹೋದವು. ಅಧಿಕಾರಿ ಕನ್ನಡಕ ತೆಗೆದು ಇಬ್ಬರನ್ನೂ ನೋಡಿದರು. ನಾಲ್ಕು ಪಂಚಾಯ್ತಿ ಒಂದೇ ಜಾಗ ಕೇಳಿದ್ದನ್ನು ತಾವು ಈ ಕುರ್ಚಿಯಲ್ಲಿ ಕೂತಾಗಿನಿಂದ ಕಂಡಿಲ್ಲ, ಇಂಥದ್ದನ್ನು ಸರದಿಯಲ್ಲಿ ಮೇಲೆ ಇಡಬಹುದು ಎಂದು ನನಗೆ ಹೇಳಿದರು. ಆಮೇಲೆ ಅವರಿಬ್ಬರ ಕಡೆ ತಿರುಗಿ, ಹಳ್ಳಿಯವರಿಗೂ ತಿಳಿಯಲಿ ಎಂದು ನಿಧಾನವಾಗಿ ಅಂದರು: "ಪಣ ತ್ಯಾಲಾ ಅಜೂನ ಅವಕಾಶ ಆಹೇ."

ಇಬ್ಬರ ಮುಖವೂ ಅರಳಿತು.

ಮರಾಠಿಯಲ್ಲಿ ಆ ಮಾತಿಗೆ ಅದಕ್ಕಿನ್ನೂ ಸಮಯವಿದೆ, ತಡವಾಗುತ್ತದೆ ಎಂದರ್ಥ. ಕಾಯಿರಿ ಎಂದು ಅವರು ಹೇಳಿದ್ದು. ನಮ್ಮವರಿಗೆ ಕೇಳಿಸಿದ್ದು ನಮ್ಮ ಕನ್ನಡದ ಅವಕಾಶ. ಬಾಗಿಲು ತೆರೆಯಿತು, ಸೇತುವೆ ಬಂತು ಎಂದೇ ಇಬ್ಬರೂ ಕಚೇರಿಯ ಮೆಟ್ಟಿಲಿಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಬೋರಿಬಂದರದಲ್ಲಿ ಲೋಕಲ್ ಹಿಡಿಯುವ ಗದ್ದಲ. ಗಾಡಿ ಹೊರಡುತ್ತಲೇ ಅಪ್ಪ ಶುರುಮಾಡಿದ.

"ಬೇವಿನಮರದ ಹಂತ್ಯಾಕ ನೆಲಾ ಕುಸೀತೈತ್ರಿ ಬೀಗ್ರ. ಸೇತುವಿ ಬರೂದು ಖರೇ ಆದಮ್ಯಾಲ ನಮ್ಮ ಗುಡಿ ಮುಂದ ಮಾಡೂದು ಚಲೋ. ಅಲ್ಲಿ ಬಂಡಿಗಲ್ಲ ಐತಿ, ಗಟ್ಟಿ ಇರ್ತೈತಿ."

"ಗಟ್ಟಿ ನೆಲಾ ನಿಮ್ಮೂರಾಗ ಅಷ್ಟ ಐತೇನು?" ಎಂದರು ಮಾವ. "ನಮ್ಮ ಗಾಂವಠಾಣದ, ಊರ ಮನಿಗಳ ಬಾಜೂಕ ಕರೀ ಕಲ್ಲೈತಿ. ಸಂತೀಗೆ ಬರೂ ಮಂದಿ ನಮ್ಮೂರ ಹಾದು ಹೋಗಲಿ ಬಿಡ್ರಿ, ನಿಮ್ಮೂರ ಹಾದೇ ಯಾಕ ಹೋಗಬೇಕು?"

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎನ್ನುತ್ತಾರಲ್ಲ, ಇವರಿಬ್ಬರೂ ಕುಲಾವಿಯ ಬಣ್ಣಕ್ಕೇ ಜಗಳಕ್ಕೆ ನಿಂತರು. ಭಾಯಖಳಾ ದಾಟುವಷ್ಟರಲ್ಲಿ ದನಿ ಏರಿತು, ದಾದರ್ ಬರುವಷ್ಟರಲ್ಲಿ ನನ್ನ ಮದುವೆಯಲ್ಲಿ ಯಾರು ಯಾರಿಗೆ ಆಹೇರಿಯ ಉಡುಗೊರೆ ಸರಿಯಾಗಿ ಮಾಡಲಿಲ್ಲ ಎಂಬಲ್ಲಿಗೆ ಮಾತು ತಲುಪಿತು. ಕುರ್ಲಾದಲ್ಲಿ ಇಳಿದವರು ಬೇರೆ ಬೇರೆ ಜೀನೆಯ ಮೆಟ್ಟಿಲು ಹತ್ತಿದರು.

ಕೋಣೆಗೆ ಬಂದ ಮೇಲೆ ನಾನು ಬಾಗಿಲು ಹಾಕಿ ಹೇಳಿದೆ. "ಅಪ್ಪಾ, ಮಾವಾರ, ಸಾಹೇಬ್ರು ಸೇತುವಿ ಮಂಜೂರಾತು ಅಂದಿಲ್ಲ. ಮರಾಠ್ಯಾಗ ಅವಕಾಶ ಅಂದ್ರ ತಡಾ ಐತಿ ಅಂತ. ನೀವು ಹಿಂಗ ಒಂದ ಮಾತಿನ ಮ್ಯಾಲ ನಿಂತು ಕಾದ್ರ ಸರದಿ ಬರ್ತೈತಿ. ಜಗಳಾಡಿದ್ರ ಅದೂ ಇಲ್ಲ."

ಅಪ್ಪ ನಕ್ಕ. "ನನಗ ಮರಾಠಿ ಕಲಸ್ತಿ? ಹರೇದಾಗ ಸೊಲ್ಲಾಪುರಕ್ಕ ಹತ್ತಿ ಹೇರಿದಾಂವ ನಾನು. ಆಹೇ ಅಂದ್ರ ಐತಿ. ಅವಕಾಶ ಅಂದ್ರ ಅವಕಾಶ. ಇದರಾಗ ತಿಳೀಲಾರದ್ದೇನೈತಿ? ಆ ಊರ ಸೊಸಿ ಆದಮ್ಯಾಲ ಆ ಊರ ಮಾತ ಆಡ್ತಿ ನೀ."

ನಾನು ಮಾವನ ಕಡೆ ನೋಡಿದೆ. ಅವರು ಗೋಡೆಯ ಕಡೆ ನೋಡುತ್ತ, "ಎಷ್ಟಂದ್ರೂ ನಿಮ್ಮಪ್ಪನ ಮಗಳವ್ವಾ ನೀನು. ನಮ್ಮನ್ನ ಸುಮ್ಮನ ಕುಂಡ್ರಿಸಿ ಅಂವಗ ದಾರಿ ಮಾಡಿಕೊಡಾಕ ಹೊಂಟಿ" ಎಂದರು.

ಇಬ್ಬರ ಮೇಲೂ ನನಗೆ ಅಸಹ್ಯ ಹುಟ್ಟಿತು. ಹಿರಿಯರು, ಹಾಗನ್ನಬಾರದು ಎನ್ನುವವರು ಅನ್ನಲಿ. ಜೀವನದಲ್ಲಿ ಯಾವುದಕ್ಕೂ ಒಪ್ಪಿ ನಿಲ್ಲದ ಇಬ್ಬರು ನನ್ನನ್ನು ನಂಬಬಾರದೆಂಬ ಒಂದಕ್ಕೆ ಮಾತ್ರ ಒಪ್ಪಿದ್ದರು. "ಸೇತುವಿ ಯಾರ ಮನಿ ಮುಂದರ ಆಗ್ಲಿ, ನನ್ನ ಮಗಳು ದಾಟಬೇಕು. ಆಕಿ ನೆನಪೈತೇನು ನಿಮಗ?" ಎಂದು ಕೇಳಿದೆ. ನೆನಪಿದೆ ಎಂದೇ ಇಬ್ಬರೂ ಅಂದರು. ಅವಳಿಗಾಗಿಯೇ ತಮ್ಮ ಊರಿನ ಹತ್ತಿರ ಕೇಳುತ್ತಿರುವುದಂತೆ.

ಊಟದ ಹೊತ್ತಿಗೆ ಮಾವ ಬುತ್ತಿಯ ಗಂಟು ಬಿಚ್ಚಿ ರೊಟ್ಟಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದರು. ತೆಳುವಾಗಿ ಬಡಿದದ್ದು ತಮ್ಮ ಊರಿನದು, ಎಳ್ಳು ಹಚ್ಚಿದ್ದು ಬೀಗರ ಊರಿನದು ಎಂದು ಎರಡು ಒಟ್ಟಿಲು ಮಾಡಿದರು. ಉಳಿದೆರಡು ಊರಿನ ರೊಟ್ಟಿ ಯಾರಿಗೂ ಬೇಡವಾಗಿ ನಡುವೆ ಬಿದ್ದವು. ಅಪ್ಪ ತನ್ನ ಪಾಲನ್ನು ಪಂಚೆಯ ತುದಿಯಲ್ಲಿ ಕಟ್ಟಿಕೊಂಡು ಹೊರಗಿನ ಗ್ಯಾಲರಿಯಲ್ಲಿ ಕೂತು ತಿಂದ. ಗಂಡ ಪಾಳಿ ಮುಗಿಸಿ ಬಂದವರು ಒಬ್ಬರು ಒಳಗೆ ಒಬ್ಬರು ಹೊರಗೆ ಕೂತಿರುವುದನ್ನು ಕಂಡು ನೇರ ಕಾಲು ತೊಳೆಯಲು ಹೋದರು.

ಬೆಳಿಗ್ಗೆ ಇಬ್ಬರೂ ನನಗೆ ಹೇಳದೆ ಹೋಗಿದ್ದರು, ಒಬ್ಬರಿಗೊಬ್ಬರೂ ಹೇಳಿರಲಿಲ್ಲ. ಶಾಲೆಗೆ ರಜೆ ಹೇಳಿ ಬೆನ್ನು ಹತ್ತಿದೆ. ಕಚೇರಿಯ ಜೀನೆಯ ಮೇಲೆ ಅಪ್ಪ ಒಂದು ಮೂಲೆಗೆ, ಮಾವ ಇನ್ನೊಂದು ಮೂಲೆಗೆ ನಿಂತಿದ್ದರು. ಒಳಗೆ ಅದೇ ನಕಾಶೆ. ಈ ಸಲ ಬೆರಳು ಎರಡು ಕಡೆ ಹೋದವು. ಅಪ್ಪ ಗುಡಿ ಎಂದ, ಮಾವ ಗಾಂವಠಾಣ ಎಂದರು. ಅವರ ಮಾತನ್ನು ನಾನು ಮರಾಠಿಗೆ ತಿರುಗಿಸಲೇ ಇಲ್ಲ, ತಿರುಗಿಸುವ ಅಗತ್ಯವೂ ಇರಲಿಲ್ಲ. ನಾಲ್ಕೂ ಊರು ಬೇವಿನಮರದ ಹತ್ತಿರವೇ ಕೇಳುತ್ತಿವೆ, ಇವರಿಬ್ಬರ ಜಗಳವನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಮಾತ್ರ ಬೇಡಿಕೊಂಡೆ. ಅಧಿಕಾರಿ ನಕಾಶೆಯನ್ನು ನಿಧಾನವಾಗಿ ಸುತ್ತಿ, ದಾರ ಕಟ್ಟಿ, ನನ್ನ ಕಡೆ ಒಂದು ಸಲ ಮರುಕದಿಂದ ನೋಡಿ ಹೇಳಿದರು: "ಬಾಯಿ, ಆತಾ ಖೂಪ ಅವಕಾಶ ಆಹೇ."

ಖೂಪ ಎಂದರೆ ಬಹಳ ಎಂದು ಇಬ್ಬರಿಗೂ ಗೊತ್ತಿತ್ತು. ಬಹಳ ಅವಕಾಶ. ಇಬ್ಬರೂ ಕೈಮುಗಿದರು. ಆ ಅವಕಾಶ ತನ್ನದೇ ಎಂದು ಇಬ್ಬರೂ ನಗುತ್ತ ಹೊರಗೆ ಬಂದರು, ಬೇರೆ ಬೇರೆ ಗಾಡಿಯಲ್ಲಿ ಊರಿಗೆ ಹೋದರು.

ಮುಂದೆ ರಾಜ್ಯ ವಿಂಗಡಣೆಯಾಗಿ ನಮ್ಮ ಸೀಮೆ ಮೈಸೂರಿಗೆ ಸೇರಿತು. ಇನ್ನು ಕೇಳುವುದಿದ್ದರೆ ಬೆಂಗಳೂರಿಗೆ ಹೋಗಿ ಕನ್ನಡದಲ್ಲೇ ಕೇಳಬಹುದಿತ್ತು. ಆದರೆ ಕೂಡಿ ಕೇಳುವವರು ಯಾರೂ ಉಳಿದಿರಲಿಲ್ಲ. ಉಳಿದ ಎರಡು ಊರಿನವರು ನಮ್ಮ ಎರಡೂ ಮನೆಗಳಿಗೆ ಹೆಣ್ಣು ಕೊಡುವುದನ್ನೂ ನಿಲ್ಲಿಸಿದ್ದರು. ಮತ್ತೊಂದು ಮಳೆಗಾಲವೂ ಮಗಳು ಮನೆಯಲ್ಲಿ ಕೂತಳು. ಕಲಿತದ್ದನ್ನು ಮರೆಯುತ್ತಿದ್ದಾಳೆ ಎಂದು ಅತ್ತೆ ಯಾರ ಕೈಯಲ್ಲೋ ಹೇಳಿ ಕಳಿಸಿದಾಗ ಹೋಗಿ ಕರೆದುಕೊಂಡು ಬಂದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ನಮ್ಮಲ್ಲಿ ಗಂಡ ಹೆಂಡಿರು ಚೆನ್ನಾಗಿಯೇ ಇದ್ದೆವು.

ಕುರ್ಲಾದಲ್ಲಿ ಅವಳು ಓದಿದಳು, ಜೊತೆಗೆ ಕೆಮ್ಮಿದಳು. ಚಾಳಿನ ಮಕ್ಕಳ ಜೊತೆ ಆಡಿ ಅವಳ ಕನ್ನಡದೊಳಗೆ ಮರಾಠಿ ಸೇರಿಹೋಯಿತು. ಅದಾಗಿ ಒಂದು ದಿನ ಅಪ್ಪ ಕಣ್ಣು ತೋರಿಸಿಕೊಳ್ಳಲು ಮುಂಬಯಿಗೆ ಬಂದ. ನಾನು ರೊಟ್ಟಿ ಬಡಿಯುತ್ತಿದ್ದೆ. ಅಪ್ಪ ತಾಟು ಮುಂದಿಟ್ಟುಕೊಂಡು, "ರೊಟ್ಟಿ ಆದುವೇನು ಕೂಸ?" ಎಂದು ಮೊಮ್ಮಗಳನ್ನು ಕೇಳಿದ.

ಅವಳು ಕೆಮ್ಮು ತಡೆದುಕೊಂಡು ಒಲೆಯ ಕಡೆ ನೋಡಿ ಹೇಳಿದಳು. "ಇನ್ನೂ ಅವಕಾಶ ಐತಿ, ಅಜ್ಜಾ."

"ಅವಕಾಶ ಐತಿ ಅಂದ್ರ ಹಾಕು ಮತ್ತ."

"ಹಂಗಲ್ಲ ಅಜ್ಜಾ. ಅವಕಾಶ ಅಂದ್ರ ತಡಾ. ಈಗ ಆಗೂದಿಲ್ಲ ಅಂತ."

ಅಪ್ಪ ತಾಟನ್ನು ಪಕ್ಕಕ್ಕೆ ಸರಿಸಿದ. ಮಗಳು ಮತ್ತೆ ಕೆಮ್ಮತೊಡಗಿದಳು. ಅವಳು ಉಸಿರು ಎಳೆದುಕೊಳ್ಳುವುದನ್ನೇ ಅವನು ಬಹಳ ಹೊತ್ತು ನೋಡುತ್ತಿದ್ದ. ರೊಟ್ಟಿ ಆಯಿತು, ನಾನು ತಾಟಿಗೆ ಹಾಕಿದೆ, ಅವನು ಮುರಿಯಲಿಲ್ಲ.

"ಅವತ್ತ ನೀ ಹೇಳಿದ್ದಿ," ಎಂದ.

"ಹೇಳಿದ್ದೆ."

ಇನ್ನೇನಾದರೂ ಅನ್ನುತ್ತಾನೆಂದು ಕಾದೆ. ಅಪ್ಪ ಮೊಮ್ಮಗಳ ಬೆನ್ನ ಮೇಲೆ ಕೈಯಿಟ್ಟು, ತಗ್ಗಿದ ದನಿಯಲ್ಲಿ ಅಂದ: "ನಿಮ್ಮ ಮಾವಗ ಇದನ್ನ ಹೇಳಬ್ಯಾಡ."