ಕ್ಲಚ್ಚಿಲ್ಲದ ಕಾರಿನ ಉಸ್ತಾದರು

ಹೋದ ತಿಂಗಳು ಅಳಿಯನ ಆಟೋಮ್ಯಾಟಿಕ್ ಕಾರನ್ನು ಹುಮನಾಬಾದಿನ ಗ್ಯಾರೇಜಿಗೆ ಬಿಟ್ಟಿದ್ದೆವು. ಹುಡುಗ ಪ್ರಾಯದ ಮೆಕ್ಯಾನಿಕ್ ಇಂಜಿನ್ ಚಾಲೂ ಇಟ್ಟುಕೊಂಡೇ ಗೇರ್‌ಬಾಕ್ಸಿನ ಎಣ್ಣೆಯ ಅಳತೆಕಡ್ಡಿ ಎಳೆದ. ಬಟ್ಟೆಯಲ್ಲಿ ಒರೆಸಿ, ಮತ್ತೆ ಇಳಿಬಿಟ್ಟು ತೆಗೆದು, ಸ್ಟೂಲಿನ ಮೇಲೆ ಕೂತಿದ್ದ ನನ್ನ ಮೂಗಿನ ಹತ್ತಿರ ಹಿಡಿದ. "ವಾಸನಿ ನೋಡ್ರಿ ಅಜ್ಜಾರ, ಎಣ್ಣಿ ಸುಟ್ಟದ" ಎಂದ.

ಈಗಿನ ಎಣ್ಣೆ ಕೆಂಪು. ಆಗಿನದು ತಿಳಿ ಜೇನಿನ ಬಣ್ಣದ್ದು. ಸುಟ್ಟಾಗಿನ ವಾಸನೆ ಮಾತ್ರ ಅದೇ. ಆ ವಾಸನೆಯನ್ನು ನಾನು ಮೊದಲು ಕುಡಿದದ್ದು ರಾಜೇಶ್ವರವೆಂಬ ಊರು ದಾಟಿದ ಮೇಲೆ, ನಡುರಸ್ತೆಯಲ್ಲಿ... ಆಗ ನನಗೆ ಇಪ್ಪತ್ತೈದೂ ತುಂಬಿರಲಿಲ್ಲ. ಪಕ್ಕದಲ್ಲಿ ಉಸ್ತಾದರಿದ್ದರು.

ನಾನು ಹುಮನಾಬಾದಿನ ತೊಗರಿ ವ್ಯಾಪಾರಿಯೊಬ್ಬರ ಡ್ರೈವರ್ ಆಗಿದ್ದೆ. ಊರಲ್ಲಿ ಮೋಟಾರು ನಡೆಸಲು ಬರುತ್ತಿದ್ದವರು ಮೂರೋ ನಾಲ್ಕೋ ಮಂದಿ. ಸಾವ್ಕಾರರ ಹಳೆಯ ಕಾರನ್ನು ಬಜಾರಿನಲ್ಲಿ ತಂದು ನಿಲ್ಲಿಸಿದರೆ ಹೋಟೆಲಿನವರು ನಾನು ಕೇಳುವ ಮೊದಲೇ ಚಹಾ ತಂದಿಡುತ್ತಿದ್ದರು. ಅದು ನನ್ನ ತಲೆಗೆ ಏರಿತ್ತು ಎನ್ನುವುದನ್ನು ಮುಚ್ಚಿಡುವುದಿಲ್ಲ.

ಹೈದರಾಬಾದ್ ಸಂಸ್ಥಾನದ ಮೇಲಿನ ಪೊಲೀಸ್ ಕಾರ್ಯಾಚರಣೆ ಮುಗಿದು ವರ್ಷ ಕಳೆದಿತ್ತು. ಜಾಗೀರುಗಳು ಹೋಗಿ, ಹೈದರಾಬಾದಿನ ದೊಡ್ಡ ಮನೆಗಳವರು ತಮ್ಮ ಕಾರುಗಳನ್ನು ಮಾರುತ್ತಿದ್ದರು. ನಮ್ಮ ಸಾವ್ಕಾರರು ಅಂಥದೊಂದನ್ನು ಕೊಂಡರು. ಅಮೆರಿಕದ್ದು, ಕಡುಹಸಿರು ಬಣ್ಣ, ದೋಣಿಯಷ್ಟು ಉದ್ದ. ಆದರೆ ಕಾಲ ಬುಡದಲ್ಲಿ ಎರಡೇ ಪೆಡಲ್. ಕ್ಲಚ್ಚೇ ಇಲ್ಲ! ಗೇರು ತಾನೇ ಬೀಳುತ್ತದೆ, ತಾನೇ ಬದಲಾಗುತ್ತದೆ. ಮೊದಲ ದಿನ ಬಜಾರಿನಲ್ಲೇ ನನ್ನ ಎಡಗಾಲು ಚಾಳಿಯಂತೆ ಕ್ಲಚ್ ಹುಡುಕಿ ಬ್ರೇಕನ್ನು ತುಳಿದುಬಿಟ್ಟಿತು. ಹಿಂದೆ ಕೂತಿದ್ದ ಸಾವ್ಕಾರರ ರುಮಾಲು ಮುಂದಿನ ಸೀಟಿಗೆ ಬಂದು ಬಿತ್ತು. ಅಂಗಡಿಗಳ ಮಂದಿ ನಕ್ಕರು. ಮರುದಿನವೇ ಸಾವ್ಕಾರರು ಕಲ್ಯಾಣಿಯಿಂದ ಗಾಡಿ ರಿಪೇರಿಯ ಉಸ್ತಾದರನ್ನು ಕರೆಸಿದರು. ಬಸವಕಲ್ಯಾಣಕ್ಕೆ ಆಗ ನಾವೆಲ್ಲ ಕಲ್ಯಾಣಿ ಎಂದೇ ಅನ್ನುತ್ತಿದ್ದೆವು.

ಉಸ್ತಾದರಿಗೆ ಐವತ್ತರ ಆಸುಪಾಸು. ಬಿಳಿ ಪೈಜಾಮದ ಮೇಲೆ ಎಣ್ಣೆಯ ಒಂದು ಹನಿಯೂ ಬೀಳದಂತೆ ಕೆಲಸ ಮಾಡುವ ಮನುಷ್ಯ. ಒಂದು ಕಾಲಕ್ಕೆ ಲಾರಿ ಡ್ರೈವರ್ ಆಗಿದ್ದವರು. ಜ್ಯಾಕ್ ಜಾರಿ ಲಾರಿ ಮೈಮೇಲೆ ಬಂದು, ಎಡಗಾಲು ಮೊಣಕಾಲಿನಿಂದ ಕೆಳಗೆ ಮರದ ತುಂಡಿನಂತಾಗಿತ್ತು. ಆಮೇಲೆ ಹೈದರಾಬಾದಿನ ಗ್ಯಾರೇಜೊಂದರಲ್ಲಿ ಕೆಲವು ವರ್ಷ ದುಡಿದು ಊರಿಗೆ ಮರಳಿದ್ದರು. ಬೇರೆಯವರ ಗಾಡಿಗಳನ್ನು ನೆಟ್ಟಗೆ ಮಾಡಿಕೊಡುತ್ತಿದ್ದರೇ ಹೊರತು ಒಂದನ್ನೂ ನಡೆಸಿರಲಿಲ್ಲ. ಆ ಕಾಲಿಗೆ ಕ್ಲಚ್ ಒತ್ತಲು ಆಗುತ್ತಿರಲಿಲ್ಲ.

ಬಂದವರೇ ಮುಂದಿನ ಸೀಟಿನ ಕಾಲಬುಡದ ಚಾಪೆ ಎತ್ತಿ, ಒಂದು ಸಣ್ಣ ತಗಡಿನ ಮುಚ್ಚಳ ತೆಗೆದರು. ಗೇರ್‌ಬಾಕ್ಸಿನ ಅಳತೆಕಡ್ಡಿ ಅಲ್ಲಿತ್ತು. ನಾನು ಅದನ್ನು ನೋಡಿಯೇ ಇರಲಿಲ್ಲ.

"ಇಂಜಿನ್ನಿನ ಎಣ್ಣಿ ನೋಡ್ಬೇಕಾದ್ರ ಇಂಜಿನ್ ಬಂದ್ ಮಾಡ್ತಿ. ಇಲ್ಲಿ ಉಲ್ಟಾ, ಬೇಟಾ" ಎಂದರು. "ಗಾಡಿ ಸಪಾಟ ನೆಲದ ಮ್ಯಾಲ ಇರ್ಬೇಕು. ಬಿಸಿ ಆಗಿರ್ಬೇಕು. ಇಂಜಿನ್ ಚಾಲೂ ಇದ್ದಾಗೇ ನೋಡ್ಬೇಕು. ಬಂದ್ ಮಾಡಿದ್ರ ಎಣ್ಣಿ ಕೆಳಗ ಇಳಿದು ಕೂಡ್ತದ, ಜಾಸ್ತಿ ಕಾಣ್ತದ. ಮೋಸ ಹೋಗ್ತಿ."

ಕಡ್ಡಿಯ ಗುರುತಿಗಿಂತ ಎಣ್ಣೆ ಕೆಳಗಿತ್ತು. ಆಳಿಕೆ ಇಟ್ಟು, ಡಬ್ಬಿಯಿಂದ ಸ್ವಲ್ಪ ಸ್ವಲ್ಪವೇ ಸುರಿದರು. ಸುರಿದು ನೋಡಿದರು, ಮತ್ತೆ ಸುರಿದರು. ಆಮೇಲೆ ಸ್ಟೇರಿಂಗಿನ ಮೇಲೆ ಕೈಯಿಟ್ಟು ಸುಮ್ಮನೆ ನಿಂತರು.

"ಯಾಕ ಉಸ್ತಾದ, ನಡಸೂದಿಲ್ಲೇನು?" ಸಾವ್ಕಾರರು ಕೇಳಿದರು.

"ಹೈದರಾಬಾದದಾಗ ಇಂಥಾ ಗಾಡಿಗಿ ಎಣ್ಣಿ ಹಾಕೀನ್ರಿ. ನಡಸ್ಲಾಕ ಯಾರು ಕೊಡ್ತಾರ?"

"ನಾ ಕೊಡಾಕತ್ತೀನಲ್ಲ. ಕೂಡ್ರಿ."

ಅವರು ಕೂತರು. ಜಡವಾದ ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟುಕೊಂಡರು. ಗಾಡಿ ಹೊರಟಿತು... ಹೊರಟದ್ದು ಗೊತ್ತಾಗಲೇ ಇಲ್ಲ. ನನ್ನ ಕೈಯಲ್ಲಿ ಎತ್ತಿನಂತೆ ಮುಗ್ಗರಿಸುತ್ತಿದ್ದ ಅದೇ ಕಾರು ಅವರ ಕೈಯಲ್ಲಿ ನೀರಿನಂತೆ ಹರಿಯಿತು. ತಿರುಗಿ ಬಂದಾಗ ಅವರ ಮುಖ ನೋಡಿದೆ. ಕಣ್ಣುಗಳು ತುಂಬಿದ್ದವು. ನೋಡಿದವರಿಗೆಲ್ಲ ಮನಸ್ಸು ಕರಗಿತು. ನನ್ನ ಹೊಟ್ಟೆಯಲ್ಲಿ ಮಾತ್ರ ಕೆಂಡ ಬಿತ್ತು.

ಅಲ್ಲಿಂದ ಪ್ರತಿ ವಾರ ಎಣ್ಣೆ ನೋಡುವ ನೆಪದಲ್ಲಿ ಉಸ್ತಾದರು ಬರತೊಡಗಿದರು. ಬಂದಾಗಲೆಲ್ಲ ಸಾವ್ಕಾರರು ಅವರಿಂದಲೇ ಒಂದು ಸುತ್ತು ಹೊಡೆಸುತ್ತಿದ್ದರು. "ನೋಡಿ ಕಲಿ" ಎಂದು ನನಗೆ ಹೇಳುತ್ತಿದ್ದರು. ಹೋಟೆಲಿನ ಚಹಾ ಈಗ ಮೊದಲು ಅವರಿಗೆ ಹೋಗುತ್ತಿತ್ತು. ಒಂದು ದಿನ ಊಟಕ್ಕೆ ಕೂತಾಗ ಹೆಂಡತಿಯೂ, "ಉಸ್ತಾದ್ರು ನಡಸಿದ್ರ ತುಂಬಿದ ತಂಬಿಗಿ ಇಟ್ರೂ ತುಳುಕೂದಿಲ್ಲಂತ, ಖರೇನಾ?" ಎಂದಳು. ನಾನು ಊಟ ಬಿಟ್ಟು ಎದ್ದೆ. ಕೆಲಸ ಹೋಗುತ್ತದೆಂಬ ಹೆದರಿಕೆ ಇತ್ತು, ಹೌದು. ಆದರೆ ನಿಜ ಹೇಳಬೇಕೆಂದರೆ ಅದು ಸಣ್ಣದು. ಎರಡು ಗಟ್ಟಿ ಕಾಲಿದ್ದ ನನಗೆ ಆ ಕುಂಟ ಮನುಷ್ಯನ ಕೈಯ ಹದ ಬೇಕಾಗಿತ್ತು. ಅದು ನನಗೆ ಬರುವುದಿಲ್ಲವೆಂದೂ ಗೊತ್ತಿತ್ತು.

ಸಾವ್ಕಾರರ ಮಗಳಿಗೆ ಕಲ್ಯಾಣಿಯಲ್ಲಿ ಗಂಡು ಗೊತ್ತಾಯಿತು. ನಿಶ್ಚಯಕ್ಕೆ ಹೊರಡುವ ಹಿಂದಿನ ದಿನ ಉಸ್ತಾದರು ಬಂದು ಎಣ್ಣೆ ನೋಡಿ ಗುರುತಿನ ತನಕ ತುಂಬಿದರು. ಆಗ ಸಾವ್ಕಾರರು ಅಂದರು: "ನಾಳಿ ನೀವೇ ನಡಸ್ಕೊಂಡು ನಡೀರಿ ಉಸ್ತಾದ. ನಿಮ್ಮೂರ ಮಂದಿನೂ ನೋಡ್ಲಿ."

ಉಸ್ತಾದರು ತಲೆ ತಗ್ಗಿಸಿ, "ನಿಮ್ಮ ಮೆಹರಬಾನಿರಿ" ಎಂದರು.

ಮಧ್ಯಾಹ್ನ ಇಳಿದ ಮೇಲೆ ಅವರು ನಮಾಜಿಗೆ ಹೋದರು. ನಾನು ಕಾರಿನ ಕೆಳಗೆ ತೂರಿದೆ. ಗೇರ್‌ಬಾಕ್ಸಿನ ಬುಡದ ಬೋಲ್ಟ್ ಸಡಿಲಿಸಿದೆ. ಬೋಗುಣಿಯೊಳಗೆ ಎಣ್ಣೆ ಬಿಸಿಯಾಗಿ ಇಳಿಯಿತು. ಅರ್ಧಕ್ಕಿಂತ ಹೆಚ್ಚು ಇಳಿದಾಗ ಬೋಲ್ಟ್ ಬಿಗಿದು, ಎಣ್ಣೆಯನ್ನು ಹಿತ್ತಲಿನ ಚರಂಡಿಗೆ ಚೆಲ್ಲಿದೆ. ಕೈ ತೊಳೆದುಕೊಂಡೆ. ಆಗ ನನಗೆ ಹೆದರಿಕೆಯೂ ಆಗಲಿಲ್ಲ, ನಾಚಿಕೆಯೂ ಆಗಲಿಲ್ಲ. ಹಗುರಾಗಿತ್ತು.

ಬೆಳಿಗ್ಗೆ ಎಲ್ಲರಿಗೂ ಅವಸರ. ಮತ್ತೊಮ್ಮೆ ಕಡ್ಡಿ ನೋಡಲು ಉಸ್ತಾದರು ಚಾಪೆಗೆ ಕೈ ಹಾಕಿದಾಗ, "ನಿನ್ನಿ ನೋಡೀರಲ್ಲ, ಹೊತ್ತಾತು ನಡೀರಿ" ಎಂದು ಸಾವ್ಕಾರರೇ ತಡೆದರು. ಉಸ್ತಾದರು ಇಸ್ತ್ರಿ ಮಾಡಿದ ಶೇರ್ವಾನಿ ಹಾಕಿಕೊಂಡು ಬಂದಿದ್ದರು. ಸಾವ್ಕಾರರೂ ಅವರ ಹೆಂಡತಿಯೂ ಹಿಂದೆ ಕೂತರು. ನಾನು ಮುಂದೆ, ಉಸ್ತಾದರ ಪಕ್ಕದಲ್ಲಿ.

ರಾಜೇಶ್ವರದವರೆಗೆ ಗಾಡಿ ಎಳೆಯಿತು. ಅದನ್ನು ದಾಟಿ ಏರು ಬಂದದ್ದೇ ಇಂಜಿನ್ ಕಿರುಚತೊಡಗಿತು. ಗಾಲಿ ಮಾತ್ರ ಮುಂದಕ್ಕೆ ಹೋಗವು. ಸುಟ್ಟ ವಾಸನೆ ಒಳಗೆಲ್ಲ ತುಂಬಿತು. ಉಸ್ತಾದರು ತಕ್ಷಣ ಬದಿಗೆ ನಿಲ್ಲಿಸಿದರು. ಸಾವ್ಕಾರರ ಹೆಂಡತಿ, "ಶುಭಕಾರ್ಯಕ್ಕ ಹೊಂಟಾಗ ಹಿಂಗಾತಲ್ಲರಿ" ಎಂದು ಕಣ್ಣೀರು ಹಾಕಿದರು. ಗಂಡಹೆಂಡತಿ ಇಳಿದು ಬೇವಿನ ನೆರಳಿಗೆ ಹೋದರು.

ಉಸ್ತಾದರು ಗಾಡಿಯನ್ನು ಹಿಂದಕ್ಕೆ ಸಪಾಟ ಜಾಗಕ್ಕೆ ಉರುಳಬಿಟ್ಟು, ಇಂಜಿನ್ ಚಾಲೂ ಇಟ್ಟು ಕಡ್ಡಿ ಎಳೆದರು. ತುದಿ ಒಣಗಿತ್ತು. ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ನೆರಳಿನಲ್ಲಿದ್ದವರಿಗೆ ಕೇಳದಂತೆ ಅಂದರು:

"ಇಂಜಿನ್ ಬಂದ್ ಇದ್ದಾಗ ನೋಡಿದ್ಯಾ ಬೇಟಾ? ಜಾಸ್ತಿ ಕಾಣ್ತು, ನಾ ಹೆಚ್ಚ ಹಾಕೀನಿ ಅಂತ ತಿಳದು ತೆಗದಿ. ಹೌದಲ್ಲ?"

"ಹೌದ್ರಿ ಉಸ್ತಾದ" ಎಂದೆ.

ಇಂಜಿನ್ ಬಂದ್ ಮಾಡಿ ನೋಡಬಾರದೆಂದು ಅವರೇ ಕಲಿಸಿದ್ದರು. ನಾನು ಮರೆತಿರಲಿಲ್ಲ. ಅದು ಅವರಿಗೂ ಗೊತ್ತಿತ್ತೇ...? ಇಷ್ಟು ವರ್ಷ ಇದೊಂದನ್ನೇ ಕೇಳಿಕೊಂಡಿದ್ದೇನೆ.

ಡಿಕ್ಕಿಯಲ್ಲಿದ್ದ ಡಬ್ಬಿಗಳನ್ನು ತೆಗೆದು ಅವರು ಎಣ್ಣೆ ತುಂಬಿದರು. ಅವಸರ ಮಾಡಲಿಲ್ಲ. ಸುರಿದು ನೋಡಿದರು, ಮತ್ತೆ ಸುರಿದರು. ಶೇರ್ವಾನಿಯ ತೋಳಿಗೆ ಎಣ್ಣೆ ಮೆತ್ತಿಕೊಂಡಿತ್ತು. ಗಾಡಿ ಎಳೆಯುವಂತಾದ ಮೇಲೆ ಸಾವ್ಕಾರರ ಹತ್ತಿರ ಹೋಗಿ, "ಎಣ್ಣಿ ಕಮ್ಮಿ ಆಗಿತ್ರಿ. ನಾ ಮುಂಜಾನಿ ನೋಡ್ಬೇಕಾಗಿತ್ತು" ಎಂದರು. ಅಷ್ಟೇ.

ಸಾವ್ಕಾರರು ಅವರ ಮುಖ ನೋಡಲಿಲ್ಲ. "ನೀ ನಡಸೋ" ಎಂದು ನನಗೆ ಹೇಳಿದರು.

ಹೀಗೆ ಕಲ್ಯಾಣಿಯೊಳಗೆ ಆ ಕಾರನ್ನು ತಂದವನು ನಾನು. ರಸ್ತೆಯ ಎರಡೂ ಬದಿ ಜನ ನಿಂತಿದ್ದರು. ಉಸ್ತಾದರ ಮನೆಯವರೂ ಇದ್ದರಂತೆ. ನಾನು ನೇರ ಮುಂದೆ ನೋಡುತ್ತಿದ್ದೆ. ಒಮ್ಮೆ ಮಾತ್ರ ಕಣ್ಣು ಕೆಳಗೆ ಹೋಯಿತು. ಪಕ್ಕದಲ್ಲಿ ಕೂತಿದ್ದ ಅವರ ಬಲಗಾಲು ನಾನು ನಿಧಾನ ಮಾಡಬೇಕಾದಲ್ಲೆಲ್ಲ ಬರಿಯ ನೆಲವನ್ನು ಮೆತ್ತಗೆ ಒತ್ತುತ್ತಿತ್ತು. ನನಗಿಂತ ಒಂದು ಕ್ಷಣ ಮೊದಲೇ, ಪ್ರತಿ ಸಲವೂ. ಆಗಲೂ ನನಗೆ ಬಂದದ್ದು ಮರುಕವಲ್ಲ, ಹೊಟ್ಟೆಕಿಚ್ಚೇ.

ಸಾವ್ಕಾರರು ಮತ್ತೆ ಅವರನ್ನು ಕರೆಸಲಿಲ್ಲ. ಎಣ್ಣೆ ನೋಡುವ ಕೆಲಸವೂ ನನ್ನದಾಯಿತು. ಅವರು ಹೇಳಿಕೊಟ್ಟಂತೆಯೇ ನೋಡುತ್ತಿದ್ದೆ, ಅವರು ಹೇಳಿಕೊಟ್ಟರೆಂದು ಯಾರಿಗೂ ಹೇಳುತ್ತಿರಲಿಲ್ಲ. ಅಂಥ ಕಾರು ಈ ಕಡೆ ಇನ್ನೊಂದು ಬರಲಿಲ್ಲ. ಉಸ್ತಾದರು ಮತ್ತೆ ಸ್ಟೇರಿಂಗ್ ಹಿಡಿಯಲಿಲ್ಲ.

ಗ್ಯಾರೇಜಿನಿಂದ ಬಂದ ವಾರವೇ ಬಸವಕಲ್ಯಾಣಕ್ಕೆ ಹೋದೆ. ಓಣಿ ಹುಡುಕಿ, ಮನೆ ಕೇಳಿ, ಬಾಗಿಲು ಬಡಿದೆ. ಬಾಗಿಲು ತೆರೆದವರು ಅವರ ಸೊಸೆಯಂತೆ, ತಲೆ ನರೆತ ಹೆಣ್ಣುಮಗಳು. ಮಾವ ತೀರಿಕೊಂಡು ಮೂವತ್ತು ವರ್ಷವಾಯಿತೆಂದರು. ಅಂದು ಹುಮನಾಬಾದ್, ಬೇಮಳಖೇಡದ ಕಡೆಯಿಂದಲೂ ಡ್ರೈವರುಗಳು ಬಂದು ಹೆಗಲು ಕೊಟ್ಟಿದ್ದರಂತೆ. ನನಗೆ ಯಾರೂ ಹೇಳಿರಲಿಲ್ಲ. ಆ ಡ್ರೈವರುಗಳ ಮೇಲೂ ಒಂದು ಗಳಿಗೆ ಹೊಟ್ಟೆ ಉರಿಯಿತು, ಈ ವಯಸ್ಸಿನಲ್ಲಿ.

"ನೀವು ಅವರಿಗಿ ಏನಾಗ್ಬೇಕ್ರಿ?" ಎಂದು ಕೇಳಿದರು.

ಅಂದು ಎಣ್ಣೆ ಚೆಲ್ಲಿದವನು ನಾನೇ ಎಂದು ಹೇಳಲೆಂದೇ ಬಂದಿದ್ದೆ. "ಅವರ ಕೈಯಾಗ ಕಲ್ತಾಂವ ನಾನು" ಎಂದೆ.

"ಹಂಗಾರ ನಮ್ಮ ಮನಿಯವರೇ ಆದ್ರಿ. ಒಳಗ ಬರ್ರಿ, ಚಾ ಕುಡೀರಿ."

ಬಸ್ಸಿಗೆ ಹೊತ್ತಾಗುತ್ತದೆ ಎಂದು ಸುಳ್ಳು ಹೇಳಿ, ಚಪ್ಪಲಿಯನ್ನೂ ಬಿಡದೆ ತಿರುಗಿ ನಡೆದೆ.